ಸ್ವಿಂಗ್ ಸರಿಯಿತ್ತಾ?

ಬೇಸ್‌ಬಾಲ್‌ನಲ್ಲಿ ಒಳ್ಳೇ ಸ್ವಿಂಗ್ ಕೈಯಿಂದ ಶುರುವಾಗೋದಲ್ಲ. ಮುಂದಿನ ಕಾಲು ಊರಬೇಕು, ಸೊಂಟ ತಿರುಗಬೇಕು, ಅದರ ಹಿಂದೆ ಎದೆ, ಕೊನೆಗೆ ಕೈ ಮತ್ತು ಬ್ಯಾಟು. ಎಲ್ಲವೂ ಅರ್ಧ ಸೆಕೆಂಡಿನೊಳಗೆ. ಆದರೆ ಹೊಡೆದ ಚೆಂಡು ಖಾಲಿ ಜಾಗಕ್ಕೆ ಹೋಗುತ್ತೋ, ಫೀಲ್ಡರ್ ಕೈಗೋ, ಅದು ಪೂರ್ತಿ ಆಟಗಾರನ ಹಿಡಿತದಲ್ಲಿಲ್ಲ.

1941ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್, ಲೆಕ್ಕಕ್ಕೆ ಬಂದ 456 ಅವಕಾಶಗಳಲ್ಲಿ 185 ಹಿಟ್ ಹೊಡೆದ. ಇವತ್ತಿಗೂ ಕೊಂಡಾಡೋ ಆ ವರ್ಷದಲ್ಲೂ 271 ಸಲ ಬರಿಗೈ.

ಹಾಗಾದ್ರೆ ನನ್ನ ಟೀಮಿನ ಹುಡುಗನ ಪ್ರಾಜೆಕ್ಟ್ ಬಿದ್ದಾಗ ನಾನು ಅಳೆಯಬೇಕಾದ್ದು ಏನನ್ನ? ನಂಬರ್ ಎದುರಿಗೇ ಇರುತ್ತೆ. ಸ್ವಿಂಗ್ ನೋಡೋಕೆ ಮಾತ್ರ ಅವನು ಕೆಲಸ ಮಾಡೋವಾಗ ಹತ್ತಿರ ನಿಂತಿರಬೇಕು. ನೂರು ಸಲ ಔಟಾದ್ರೆ ಸ್ವಿಂಗೇ ಸರಿಯಿಲ್ಲ ಅನ್ನೋಣ. ಒಂದೇ ಔಟಿಗೆ ತೀರ್ಪು ಕೊಡೋದು ನ್ಯಾಯ ಅಲ್ಲ, ಸೋಮಾರಿತನ.