ಅಳಿವಿನ ಸರದಿ ಯಾರದು?

ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ಬೀಳಗಿ ತಾಲ್ಲೂಕಿನ ಹೆರಕಲ್ ಕಡೆ ದಂಡೆಗುಂಟ ಎರೆಮಣ್ಣು ಮತ್ತೆ ಬಯಲಿಗೆ ಬೀಳುತ್ತದೆ. ತೆಳುನೀರಿನಲ್ಲಿ ರಾಜಹಂಸಗಳು ಕೊಕ್ಕನ್ನು ತಲೆಕೆಳಗಾಗಿ ಅದ್ದಿ ಕೆಸರು ಸೋಸುತ್ತ ನಿಂತಿರುತ್ತವೆ. ಮಳೆಗಾಲದ ಹೊತ್ತಿಗೆ ಅವು ಹಾರಿಹೋಗುತ್ತವೆ. ಹೋದವೆಂದು ಯಾರೂ ಮರುಗುವುದಿಲ್ಲ; ಮುಂದಿನ ವರ್ಷ ಬಂದಾವೆಂಬ ಭರವಸೆಯಿದೆ. ಕೃಷ್ಣೆಯ ಇದೇ ಹಿನ್ನೀರಿನ ನೆಲದಲ್ಲಿ ಮನೆ, ಕಣ, ಗುಡಿ ಕಟ್ಟಿಕೊಂಡಿದ್ದ ಜನರೂ ಎದ್ದುಹೋದರು. ಅವರಿಗೆ ಮರಳಿ ಬರುವ ದಾರಿಯಿಲ್ಲ. ಎರಡನ್ನೂ ನಾವು ‘ಯಾವುದೂ ಶಾಶ್ವತವಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮಾತು ಸುಳ್ಳಲ್ಲ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆಂದು ಕೇಳದಿದ್ದರೆ ಅದು ಪೂರ್ತಿ ನಿಜವೂ ಆಗುವುದಿಲ್ಲ.

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಇಟಲಿಯ ಒಂದು ಸಿನಿಮಾ ನೋಡಿದ ಮೇಲೆ. ಅಲ್ಲಿನ ಈಗಿನ ನಿರ್ದೇಶಕರಲ್ಲಿ ಹಲವರು ಸಮಾಜದ ಅಂಚಿಗೆ ಬಿದ್ದವರ ಬೆನ್ನಿಗೆ ನಿಂತಿದ್ದಾರೆ. ಜಾನ್‌ಫ್ರಾಂಕೊ ರೋಸಿ ಲ್ಯಾಂಪೆಡೂಸ ದ್ವೀಪಕ್ಕೆ ಸಮುದ್ರ ದಾಟಿ ಬರುವ ವಲಸಿಗರನ್ನು ತೋರಿಸಿದರು. ಜೊನಾಸ್ ಕಾರ್ಪಿನ್ಯಾನೊ ದಕ್ಷಿಣ ಇಟಲಿಯ ರೋಮಾ ಕುಟುಂಬಗಳನ್ನು. ನಾನು ಹೇಳುತ್ತಿರುವುದು ಆಲಿಚೆ ರೋರ್ವಾಕರ್ ಅವರ ‘ಲಾಜರೊ ಫೆಲಿಚೆ’. 2018ರ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಹಂಚಿಕೊಂಡ ಚಿತ್ರ ಅದು. ತಂಬಾಕು ಬೆಳೆಯುವ ಒಂದು ಒಂಟಿ ಹಳ್ಳಿ. ಪಾಲಿನ ಸಾಗುವಳಿ ಕಾನೂನಿನಿಂದ ರದ್ದಾಗಿದೆ. ಒಡತಿ ಅದನ್ನು ಒಕ್ಕಲುಗಳಿಂದ ಮುಚ್ಚಿಟ್ಟಿದ್ದಾಳೆ. ಎಷ್ಟು ದುಡಿದರೂ ಲೆಕ್ಕದ ವಹಿಯಲ್ಲಿ ಅವರದೇ ಸಾಲ. ಕೊನೆಗೆ ಪೊಲೀಸರು ಬಂದು ನದಿ ದಾಟಿಸಿ ಅವರನ್ನು ಬಿಡುಗಡೆ ಮಾಡುತ್ತಾರೆ. ವರ್ಷಗಳ ಮೇಲೆ ನೋಡಿದರೆ ಅದೇ ಜನ ಶಹರದ ರೈಲುಹಳಿಯ ಪಕ್ಕ, ಪಾಳುಬಿದ್ದ ಟ್ಯಾಂಕಿನೊಳಗೆ ಸಂಸಾರ ಹೂಡಿದ್ದಾರೆ.

ಲಾಜರೊ ಎಂಬ ಹುಡುಗನಿಗೊಬ್ಬನಿಗೇ ವಯಸ್ಸಾಗಿಲ್ಲ. ಅವರನ್ನು ಹುಡುಕಿಕೊಂಡು ಬಂದವನು ಹಳಿಯ ಬದಿಯಲ್ಲಿ ಬೆಳೆದ ಗಿಡಗಳಲ್ಲಿ ತಿನ್ನುವ ಸೊಪ್ಪು ಯಾವುದೆಂದು ತೋರಿಸುತ್ತಾನೆ. ಇಷ್ಟು ವರ್ಷ ಅದನ್ನೇ ತುಳಿದು ಓಡಾಡಿದವರಿಗೆ ಅದು ಕಂಡಿರಲಿಲ್ಲ. ಮುಧೋಳ, ಬೀಳಗಿಯ ಹೊಲಗಳಲ್ಲಿ ಕಸ ತೆಗೆಯುತ್ತಲೇ ಹತ್ತರಕಿ, ಕಿರಕಸಾಲಿ ಕಿತ್ತು ಉಡಿ ತುಂಬಿಕೊಳ್ಳುವ ಹೆಣ್ಣುಮಕ್ಕಳನ್ನು ಬಲ್ಲವರಿಗೆ ಆ ದೃಶ್ಯ ಪರದೇಶದ್ದೆನಿಸುವುದಿಲ್ಲ. ಊರು ಹೋದಾಗ ಮನೆಯಷ್ಟೇ ಹೋಗುವುದಿಲ್ಲ. ಯಾವ ಬದುವಿನಲ್ಲಿ ಯಾವ ಪಲ್ಲೆ ಸಿಗುತ್ತದೆ, ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತದೆ ಎಂಬ ತಿಳಿವಳಿಕೆಯೂ ನೆಲ ಬಿಟ್ಟ ಒಂದೆರಡು ತಲೆಮಾರಿಗೆ ಆರಿಹೋಗುತ್ತದೆ.

ಕನ್ನಡದಲ್ಲಿ ಗಿರೀಶ ಕಾಸರವಳ್ಳಿ ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ‘ದ್ವೀಪ’ ಮಾಡಿದರು. ಅದು ಮಲೆನಾಡಿನ ಮುಳುಗಡೆಯ ಕತೆ. ನಮ್ಮ ಬಯಲುಸೀಮೆಯ ಮುಳುಗಡೆ ನಿಧಾನದ್ದು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ನೀರು 519.60 ಮೀಟರಿಗೆ ನಿಲ್ಲುವ ಹೊತ್ತಿಗೆ, ಅಂದು ಹುಟ್ಟಿದ ಕೂಸು ನಡುವಯಸ್ಸಿಗೆ ಬಂದಿತ್ತು. ಉತಾರದಲ್ಲಿ ಹೆಸರಿದ್ದವರಿಗೆ ಹೊಲದ ಪರಿಹಾರ, ಮನೆಯಿದ್ದವರಿಗೆ ಮನೆಯದು, ಪುನರ್ವಸತಿ ಕೇಂದ್ರದಲ್ಲಿ ಪ್ಲಾಟು. ಲೆಕ್ಕವೆಲ್ಲ ನಡೆದದ್ದು ಆಸ್ತಿಯ ಮೇಲೆ. ರಾಶಿಯ ಕಾಲಕ್ಕೆ ಕಣಕ್ಕೆ ಬಂದು ಆಯ ಪಡೆಯುತ್ತಿದ್ದ ಬಡಿಗೇರ, ಕಮ್ಮಾರ, ಹಡಪದ, ಮಾದರ ಮನೆಗಳಿಗೆ ಹೊಲವಿರಲಿಲ್ಲ. ಊರಿನ ಹೊಲಗಳ ಕಾಳಿನಲ್ಲಿ ಪಾಲು ಮಾತ್ರ ಇತ್ತು. ಆ ಪಾಲು ಆಸ್ತಿ ಎನಿಸಿಕೊಳ್ಳಲಿಲ್ಲ. ಆಯದ ಜೊತೆಗೆ ಜಾತಿಯ ಅವಮಾನವೂ ಇತ್ತು, ನಿಜ. ಅವಮಾನ ಅಳಿದರೆ ಅಳಿಯಲಿ. ಅನ್ನವೂ ಅದರ ಹಿಂದೆಯೇ ಹೋದದ್ದನ್ನು ಕಾಲದ ಮಹಿಮೆ ಎನ್ನಲಾರೆ.

ಕಾಲ ಎಲ್ಲರನ್ನೂ ಒಯ್ಯುತ್ತದೆ ಎನ್ನುವವರು ಜಮಖಂಡಿಯ ಪಟವರ್ಧನರನ್ನೂ ಮುಧೋಳದ ಘೋರ್ಪಡೆಯವರನ್ನೂ ನೆನೆದಾರು. 1948ರಲ್ಲಿ ಆ ಸಂಸ್ಥಾನಗಳು ವಿಲೀನವಾದವು, ಪಟ್ಟ ಹೋಯಿತು. ಆದರೆ ದೇಶದಲ್ಲಿ ರಾಜರ ಪಟ್ಟ ಹೋಗುವಾಗ ರಾಜಧನದ ಒಪ್ಪಂದವಾಗಿತ್ತು. 1971ರ ಸಂವಿಧಾನ ತಿದ್ದುಪಡಿಯವರೆಗೆ ಅದು ನಡೆಯಿತು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಕುಣಿ ಮುಚ್ಚಿ ಪವರ್‌ಲೂಮ್ ಸದ್ದು ಎದ್ದಾಗ, ಲಾಳಿ ಎಸೆದೇ ಬದುಕಿದ ಮುದುಕನಿಗೆ ಯಾವ ಒಪ್ಪಂದವಿತ್ತು? ಅಳಿವು ಅರಮನೆಗೂ ಬಂತು, ಗುಡಿಸಲಿಗೂ ಬಂತು. ಅರಮನೆಗೆ ಹೇಳಿ ಕೇಳಿ ಬಂತು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ, ನಾರಾಯಣಪುರ ಜಲಾಶಯದ ಹಿನ್ನೀರು ತಾಗದಂತೆ, ಬಾವಿಯ ಹಾಗೆ ದುಂಡನೆಯ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಹೋದರೆ ಗೋಡೆಯಾಚೆ ನದಿ, ಈಚೆ ಒಣನೆಲ. ಅದನ್ನು ಉಳಿಸಿಕೊಂಡದ್ದು ನಾಡು ಮಾಡಿದ ಒಳ್ಳೆಯ ಕೆಲಸ. ಅಲ್ಲಿ ನಿಂತವರಿಗೆ ಇನ್ನೊಂದು ಸಂಗತಿಯೂ ಹೊಳೆಯಬೇಕು. ನೀರು ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ನದಿ ಗೊತ್ತುಮಾಡಲಿಲ್ಲ. ಮನುಷ್ಯರು ಕೂತು ಗೊತ್ತುಮಾಡಿದರು. ಅಳಿವು ಸೃಷ್ಟಿಯ ನಿಯಮ ಇರಬಹುದು. ಅಳಿವಿನ ಸರದಿಯನ್ನು ಬರೆಯುವುದು ನಾವು. ಮೇಲಿನಿಂದ ಕೆಳಕ್ಕೆ ಬರೆಯಬಹುದಾದ ಪಟ್ಟಿಯನ್ನು ನಾವು ಸದಾ ಕೆಳಗಿನಿಂದ ಶುರುಮಾಡುತ್ತೇವೆ.

ಕೃಷ್ಣೆ, ಘಟಪ್ರಭೆಗಳ ನೀರುಂಡು ಜಮಖಂಡಿ, ಮುಧೋಳದ ಕಬ್ಬು ಆಳೆತ್ತರ ನಿಲ್ಲುತ್ತದೆ. ಹಂಗಾಮು ಬಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಮುಂಗಡ ಹಣ ತೀರಿಸಲು ಮಕ್ಕಳುಮರಿ ಕಟ್ಟಿಕೊಂಡು ಬಂದು ಹೊಲದಂಚಿನ ಜೋಪಡಿಗಳಲ್ಲಿ ಇಳಿಯುತ್ತವೆ. ನಮ್ಮ ಸ್ಥಿರವಾದ ಬದುಕು ಅವರ ಅಸ್ಥಿರತೆಯ ಮೇಲೆ ನಿಂತಿದೆ. ಅನಿತ್ಯವನ್ನು ಧ್ಯಾನಿಸುವ ಮನಸ್ಸಿಗೆ ಈ ಋಣ ಕಾಣದಿದ್ದರೆ, ಅದು ಕಂಡದ್ದು ತನ್ನ ನೆಮ್ಮದಿಯನ್ನಷ್ಟೇ.

ಆಲಮಟ್ಟಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಹೊಲಗಳಿಗೆ ನೀರು ಬೇಕು. ಅದಕ್ಕಾಗಿ ಇನ್ನಷ್ಟು ಊರುಗಳು ಏಳಬೇಕು. ‘ಯಾವುದೂ ಶಾಶ್ವತವಲ್ಲ’ ಎಂದು ಸಮಾಧಾನ ಮಾಡಿಕೊಳ್ಳುವ ಹಕ್ಕು ಎದ್ದುಹೋಗುವವರದು. ಕೂತಲ್ಲೇ ಉಳಿಯುವ ನಾವು ಆಡಬೇಕಾದ ಮಾತು ಬೇರೆ: ಉತಾರವಿಲ್ಲದವರ ಹೆಸರನ್ನೂ ಪಟ್ಟಿಗೆ ಬರೆಯಿರಿ, ಒಂದು ಊರಿನವರನ್ನು ಒಂದೇ ಕಡೆ ಕೂಡಿಸಿರಿ, ಹೊಸ ಊರಿನಲ್ಲಿ ಅವರಿಗೊಂದು ದುಡಿಮೆ ಹುಟ್ಟುವತನಕ ಗೇಟು ಇಳಿಸಬೇಡಿರಿ.