ಕಾಚಂಪುಳಿ ಹಾಕಿದ ಪಿಜ್ಜಾ

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ನಮ್ಮ ಮನೆಯಲ್ಲಿ ಕಾಡುಹಂದಿ ಬೇಯುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿ ಪಡೆದು ಆಡುವ ಬೇಟೆಯನ್ನೂ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ. ನಮ್ಮ ಹಳೆ ಏರ್‌ಪೋರ್ಟ್ ರಸ್ತೆಯಲ್ಲೇ ಮುಂದೆ ಸಿಗುವ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ, ರಜೆ ಸಿಕ್ಕಾಗ ಕಾಡು ಸೇರುತ್ತಿದ್ದ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿಗಳ ಕಥೆ ಬರೆದ ಕಾಲದ ಕಾಡು ಈಗೆಲ್ಲಿದೆ? ಉಳಿದಷ್ಟನ್ನಾದರೂ ಕಾಯಬೇಕು.

ಆದರೆ ನಾನು ಕೊಡಗಿನಲ್ಲಿ ಬೆಳೆದವಳು. ಬೇಟೆಯ ರುಚಿ ಏನೆಂಬುದು ನನಗೆ ಮುಖ್ಯ. ಗದ್ದೆ ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಕೋವಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುತ್ತಾರೆ. ಹಿಂದೆ ಆಮೇಲೆ ಬೇಟೆಗೆ ಹೊರಡುತ್ತಿದ್ದರು. ಸಿಕ್ಕ ಹಂದಿ ಗುಂಡು ಹೊಡೆದವನೊಬ್ಬನದಾಗುತ್ತಿರಲಿಲ್ಲ. ಜೊತೆಗೆ ಹೋದವರಿಗೆಲ್ಲ ಪಾಲು, ನಾಯಿಗೂ ಪಾಲು. ಈಗ ಪಂದಿ ಕರಿಗೆ ಸಾಕಿದ ಹಂದಿಯೇ ಗತಿ. ಆದರೂ ಬಾಯಿಗಿಟ್ಟರೆ ಅದು ಪಂದಿ ಕರಿಯೇ. ಕಾರಣ ಮಸಾಲೆ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಚೂರು ಮೆಂತ್ಯ, ಇವನ್ನು ಕಪ್ಪಗಾಗುವ ತನಕ ಹುರಿದು ಪುಡಿ ಮಾಡುತ್ತೇವೆ. ಕೊನೆಗೆ ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿಯ ರಸ ಇಳಿಸಿ, ಎಣ್ಣೆಯಂತೆ ದಪ್ಪಗಾಗುವವರೆಗೆ ಕುದಿಸಿದ್ದು ಅದು. ಗಡುಸು ಮಾಂಸವನ್ನು ಮೆತ್ತಗೆ ಮಾಡಲು, ಕೆಡದಂತೆ ಇಡಲು, ಕಾಡಿನ ವಾಸನೆಯನ್ನು ಹದಕ್ಕೆ ತರಲು ನಮ್ಮವರು ಕಂಡುಕೊಂಡ ಹುಳಿ. ಬೇಟೆ ಹೋಯಿತು, ಬೇಟೆಗಾಗಿ ಹುಟ್ಟಿದ ಹುಳಿ ಉಳಿಯಿತು.

ಪಿಜ್ಜಾ ಈ ಕಥೆಗೆ ಬಂದದ್ದು ಅಕ್ಕನ ಮಗನಿಂದ. ಅವನಿರುವ ಮಿಷಿಗನ್‌ನಲ್ಲಿ ನವೆಂಬರ್ 15ರಿಂದ 30ರವರೆಗೆ ಕೋವಿಯಿಂದ ಜಿಂಕೆ ಬೇಟೆಯಾಡಲು ಅವಕಾಶವಿದೆ. ಬೇಟೆಯಾಡಿದ ಜಿಂಕೆಯ ಮಾಂಸವನ್ನು ಅಲ್ಲಿ ಮಾರುವಂತಿಲ್ಲ, ತಾವು ತಿನ್ನಬೇಕು, ಇಲ್ಲವೇ ಹಂಚಬೇಕು. ಆಫೀಸಿನ ಗೆಳೆಯ ಒಂದು ತೊಡೆ ಕೊಟ್ಟಾಗ ಇವನಿಂದ ಫೋನ್ ಬಂತು: "ಚಿಕ್ಕಮ್ಮ, ಇದನ್ನೇನು ಮಾಡ್ಲಿ? ಮಕ್ಕಳು ಪಿಜ್ಜಾ ಅಂತ ಕೂತಿದ್ದಾರೆ."

ನಾನು ಮೊದಲು ಕೇಳಿದ್ದು, ಪರೀಕ್ಷೆ ಮಾಡಿಸಿದ್ದಾರಾ ಎಂದು. ಅಲ್ಲಿನ ಜಿಂಕೆಗಳಲ್ಲಿ ಮಿದುಳು ಸವೆಸುವ ರೋಗವೊಂದಿದೆ, ಮಿಷಿಗನ್‌ನ ಕಾಡುಜಿಂಕೆಗಳಲ್ಲಿ 2015ರಲ್ಲಿ ಪತ್ತೆಯಾಯಿತು. ಮಾಡಿಸಿದ್ದರು. ಜಿಂಕೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ, ಹಾಗೇ ಒಲೆಗಿಟ್ಟರೆ ನಾರಾಗುತ್ತದೆ. ಸಣ್ಣಗೆ ಕೊಚ್ಚಿ, ನಾಲ್ಕಕ್ಕೆ ಒಂದು ಪಾಲು ಹಂದಿ ಕೊಬ್ಬು ಸೇರಿಸಿ, ಕಪ್ಪು ಮಸಾಲೆಯಲ್ಲಿ ಬೇಯಿಸಿ ನೀರಾರಿಸು, ಇಳಿಸುವ ಮುನ್ನ ಒಂದು ಚಮಚ ಕಾಚಂಪುಳಿ ಹಾಕು ಎಂದೆ. ಟೊಮೆಟೊ ಸಾಸ್ ಬೇಡವೇ ಬೇಡ, ಹುಳಿಯ ಮೇಲೆ ಹುಳಿ ಸೇರಿದರೆ ಎರಡೂ ಕೆಡುತ್ತವೆ. ಬದಲಿಗೆ ಕಂದು ಬಣ್ಣಕ್ಕೆ ಬಾಡಿಸಿದ ಈರುಳ್ಳಿ ಹರಡಬೇಕು. ಚೀಸ್ ಮಾಂಸ ಮುಚ್ಚುವಷ್ಟು ಬೇಡ.

ಅದನ್ನೇ ದೊಮ್ಮಲೂರಿನಲ್ಲಿ ಹಂದಿ ಮಾಂಸದಲ್ಲಿ ಮಾಡುತ್ತೇನೆ. ಕಂಟೋನ್ಮೆಂಟ್ ಕಡೆ ಒಳ್ಳೆಯ ಹಂದಿ ಮಾಂಸಕ್ಕೆ ಬರವಿಲ್ಲ. ಅರ್ಧ ಕಿಲೋ ಮೈದಾಗೆ 325 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, 2 ಗ್ರಾಂ ಒಣ ಈಸ್ಟ್ ಹಾಕಿ ಕಲಸಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತೇನೆ. ನೇಪಲ್ಸಿನ ಸೌದೆ ಒಲೆಯಲ್ಲಿ ನಾನೂರು ಡಿಗ್ರಿ ದಾಟಿದ ಶಾಖಕ್ಕೆ ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ನಮ್ಮ ಮನೆಯ ಓವನ್ ಏರುವುದು 250ಕ್ಕೆ. ಆದ್ದರಿಂದ ಕಬ್ಬಿಣದ ಕಾವಲಿಯನ್ನು ಗ್ಯಾಸಿನ ಮೇಲೆ ಹೊಗೆಯಾಡುವಷ್ಟು ಕಾಯಿಸಿ, ಕೈಯಲ್ಲೇ ತಟ್ಟಿದ ಹಿಟ್ಟನ್ನು ಅದರ ಮೇಲೆ ಹಾಕಿ, ತಳ ಕೆಂಪಾದ ಮೇಲೆ ಮಾಂಸ ಹರಡಿ ಕಾವಲಿ ಸಮೇತ ಓವನ್ನಿಗಿಡುವುದು. ಅಂಚು ಸೊಟ್ಟಗಿರುತ್ತದೆ, ಅಲ್ಲಲ್ಲಿ ಕರಕು. ಅಂಗಡಿಯ ಪಿಜ್ಜಾದ ದುಂಡು ನನಗೆ ಬೇಕಿಲ್ಲ.

ಮೊದಲ ಪಿಜ್ಜಾ ಜಿಂಕೆ ಕೊಟ್ಟವನ ಮನೆಗೆ ಹೋಗಬೇಕು ಎಂದು ಹುಡುಗನಿಗೆ ಹೇಳಿದ್ದೆ. ಬೇಟೆಯಲ್ಲಿ ಪಾಲು ಪಡೆದವರ ಋಣ ಅದು. ಅವನು ಹಾಗೇ ಮಾಡಿದ. ಈಗ ಪ್ರತಿ ನವೆಂಬರಿನಲ್ಲೂ ಆ ಎರಡು ಮನೆಯವರು ಸೇರಿ ಹಿಟ್ಟು ತಟ್ಟುತ್ತಾರೆ.

ನಿಮ್ಮಲ್ಲಿ ಯಾರಾದರೂ ಮಾಡುವುದಾದರೆ, ಊರಿಗೆ ಬಂದಾಗ ಮಡಿಕೇರಿ ಅಥವಾ ವಿರಾಜಪೇಟೆಯಲ್ಲಿ ಕಾಚಂಪುಳಿ ಕೊಳ್ಳಿ. ಸೀಸೆ ಓರೆ ಮಾಡಿ ನೋಡಿ, ಒಳ್ಳೆಯದು ಕಪ್ಪಗೆ, ನಿಧಾನವಾಗಿ ಜಾರುತ್ತದೆ. ನೀರಿನಂತೆ ಹರಿದರೆ ವಾಪಸ್ ಕೊಡಿ.