ನುಡಿಯೂ ಒಂದು ಕಾಯಕ

12ನೆಯ ಶತಮಾನದ ಶರಣರು ಜನರಾಡುವ ಕನ್ನಡದಲ್ಲಿಯೇ ನುಡಿದರೆಂಬುದು ಸರ್ವರೂ ಬಲ್ಲ ಸಂಗತಿ. ಅದರ ಮರ್ಮವನ್ನು ಗಮನಿಸಿದವರು ಮಾತ್ರ ವಿರಳ. ಕೇಳುವವನು ಬಲ್ಲ ವಸ್ತುವನ್ನು ಹಿಡಿದು, ಅವನರಿಯದ ತತ್ತ್ವದೆಡೆಗೆ ಅವನನ್ನು ನಡೆಸುವುದೇ ಅವರ ಬೋಧನಕ್ರಮ. ಅಂಬಿಗರ ಚೌಡಯ್ಯನವರಿಗೆ ಅದಕ್ಕೆ ಹೊಳೆ, ದೋಣಿಗಳೇ ಸಾಕಾದುವು.

ನಾಳೆ ಉಪಾಧ್ಯಾಯನಾಗಲಿರುವ ವಿದ್ಯಾರ್ಥಿಯು ಕಲಿಯಬೇಕಾದುದೂ ಇದನ್ನೇ. ಗಣಿತದಲ್ಲಿ ಪಾರಂಗತನಾದವನು ಕರಿಹಲಗೆಯೊಡನೆ ಮಾತಾಡಿ, ತಿರುಗಿ “ತಿಳಿಯಿತೇ?” ಎಂದರೆ ತರಗತಿಯೆಲ್ಲ ಒಕ್ಕೊರಲಿನಿಂದ “ತಿಳಿಯಿತು” ಎನ್ನುವುದು. ನಾಲ್ಕು ಮೂರಕ್ಕಿಂತ ದೊಡ್ಡದಾದುದರಿಂದ ನಾಲ್ಕನೆಯ ಒಂದು ಪಾಲೂ ಮೂರನೆಯ ಒಂದು ಪಾಲಿಗಿಂತ ದೊಡ್ಡದೆಂದು ಹಿಂದಿನ ಸಾಲಿನ ಮಗು ನಂಬಿಯೇ ಇರುವುದು. ಒಂದು ರೊಟ್ಟಿಯನ್ನು ಮೂವರಿಗೆ, ಮತ್ತೊಂದನ್ನು ನಾಲ್ವರಿಗೆ ಹಂಚಿಸಿ, ಯಾರ ಪಾಲು ಹಿರಿದೆಂದು ಆ ಮಗುವಿನ ಬಾಯಿಂದಲೇ ಕೇಳಿದ್ದರೆ ಭ್ರಮೆ ಹರಿಯುತ್ತಿತ್ತು. ಕೇಳದೆ ಹೋದುದರಿಂದ ಅದು ದಡ್ಡನೆನಿಸಿತು. ದಡ್ಡನೆನಿಸಿದ ಮಗುವಿಗೆ ಶಾಲೆಯೇ ಬೇಡವಾಗುವುದು.

ಆದಕಾರಣ ಆಡುವಷ್ಟೇ ಆಲಿಸುವುದೂ ಬೋಧಕನ ಕಾಯಕ. 15ನೆಯ ಶತಮಾನದ ಶೂನ್ಯಸಂಪಾದನೆಯು ಸಂವಾದರೂಪದಲ್ಲಿದೆ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಪ್ರಶ್ನಿಸುವರು, ಉತ್ತರಕ್ಕೆ ಎಡೆಗೊಡುವರು, ಒಪ್ಪಿದಾಗ ಮನ್ನಿಸುವರು.

ಮನೆಯಲ್ಲಿ ಮಗು ಪ್ರಶ್ನಿಸಿದರೆ “ಬಾಯ್ಮುಚ್ಚು” ಎಂದು ಗದರುವ ಗೃಹಸ್ಥರು, ಅದೇ ಮಗು ಶಾಲೆಯಲ್ಲಿ ಎದ್ದುನಿಂತು ನಿರ್ಭಯವಾಗಿ ನುಡಿಯಲೆಂದು ಹಾರೈಸುವುದು ವಿಚಿತ್ರವೇ ಸರಿ. ಮಾತನ್ನು ನುಂಗಿಯೇ ಬೆಳೆದ ಆ ಮಗು ಮುಂದೊಂದು ದಿನ ಉಪಾಧ್ಯಾಯನ ಪೀಠವನ್ನೂ ಏರಬಹುದು.